ಸೈ-ಫೈ, ಫ್ಯಾಂಟಸಿ ಓದಿನ ತಿಂಗಳ ಅನಿಸಿಕೆ: ಚೀಟಿ ಪದ್ಧತಿ ಕೈಹಿಡಿದ ಬಗೆ

ತಿಂಗಳಿಗೆ ಐದಾರು ಸೈ-ಫೈ, ಫ್ಯಾಂಟಸಿ ಪುಸ್ತಕ ಓದಿ, ಕೊನೆಗೆ ಒಂದೊಂದಕ್ಕೂ ನೂರೈವತ್ತು-ಇನ್ನೂರು ಪದದ ಅನಿಸಿಕೆ ಬರೆದಿಡುವುದು ಈಗ ನನಗೆ ಎರಡು ಸಂಜೆಯ ಕೆಲಸ. ಸ್ಟಾರ್ ಇಲ್ಲ, ಕಥಾಸಾರ ಇಲ್ಲ, ಪುಸ್ತಕ ಮುಗಿಸಿದ ದಿನ ಬರೆಯುವುದೂ ಇಲ್ಲ. ಜೊತೆಯ ಓದುಗರು ತಕರಾರು ತೆಗೆದದ್ದು ಈ ಕೊನೆಯದಕ್ಕೇ: ಹತ್ತು ದಿನ ಬಿಟ್ಟರೆ ಪಾತ್ರಗಳ ಹೆಸರೇ ಮರೆಯುತ್ತದೆ, ಇನ್ನು ಅನಿಸಿಕೆ ಎಲ್ಲಿಂದ ಬರಬೇಕು ಎಂದು. ಇದಕ್ಕೆ ನನ್ನ ಉತ್ತರ, ಓದುತ್ತಲೇ ನಾಲ್ಕು ಸಾಲು ಗುರುತು ಹಾಕಿಡುವ ಒಂದು ಕಾಗದದ ಚೀಟಿ. ತಕರಾರಿನವರಲ್ಲಿ ಇಬ್ಬರು ಈಗ ಇದೇ ಚೀಟಿ ಇಟ್ಟುಕೊಂಡು ಓದುತ್ತಿದ್ದಾರೆ. ಹಾಗಾಗಿ ಸ್ವಲ್ಪ ಧೈರ್ಯವಾಗಿಯೇ ಬರೆಯುತ್ತಿದ್ದೇನೆ.

ಕೈಕೊಟ್ಟ ಪದ್ಧತಿಗಳು ಮೊದಲು. ಮುಗಿಸಿದ ರಾತ್ರಿಯೇ ಬರೆದರೆ ಕಾಗದಕ್ಕೆ ಬರುವುದು ಕೊನೆಯ ಮೂವತ್ತು ಪುಟದ ಅನಿಸಿಕೆ ಮಾತ್ರ. ಬಿಸಿ ಸಾರಿಗೆ ನಾಲಿಗೆ ಸುಟ್ಟುಕೊಂಡವನು ಉಪ್ಪಿನ ಹದ ಹೇಳಿದ ಹಾಗೆ. ಕ್ಲೈಮ್ಯಾಕ್ಸ್ ಜೋರಾಗಿದ್ದರೆ ನಡುವಿನ ಇನ್ನೂರು ಪುಟದ ಎಳೆದಾಟಕ್ಕೆ ಮಾಫಿ ಸಿಕ್ಕಿಬಿಡುತ್ತದೆ. ಎಕ್ಸೆಲ್ ಹಾಳೆಯಲ್ಲಿ ಲೋಕ, ಪಾತ್ರ, ಗದ್ಯ, ವೇಗ ಎಂದು ಕಾಲಂ ಮಾಡಿ ಹತ್ತಕ್ಕೆ ಅಂಕ ಕೊಟ್ಟರೆ ಎಲ್ಲ ಪುಸ್ತಕಗಳೂ ಏಳು-ಎಂಟರ ನಡುವೆ ಬಂದು ಕೂರುತ್ತವೆ. ಆರು ತಿಂಗಳ ಮೇಲೆ 7.4 ಯಾಕೆ, 7.6 ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಕಿಂಡಲ್ ಹೈಲೈಟ್‌ಗಳಲ್ಲಿ ಸೇರುವುದು ಚಂದದ ವಾಕ್ಯಗಳು, ಪುಸ್ತಕ ಹಿಡಿಸಿದ್ದರ ಕಾರಣಗಳಲ್ಲ. ಮೇಲಾಗಿ ಕೆಲವು ಪುಸ್ತಕಗಳ ಹೈಲೈಟ್‌ಗಳಿಗೆ ಪ್ರಕಾಶಕರು ಮಿತಿ ಹಾಕಿರುತ್ತಾರೆ. ಅದು ದಾಟಿದ ಮೇಲೆ, ಹೈಲೈಟ್‌ಗಳು ಸೇರುವ 'ಮೈ ಕ್ಲಿಪಿಂಗ್ಸ್' ಫೈಲಿನಲ್ಲಿ ವಾಕ್ಯದ ಜಾಗದಲ್ಲಿ ಮಿತಿ ಮುಗಿಯಿತೆಂಬ ಸಂದೇಶವಷ್ಟೇ ಉಳಿಯುತ್ತದೆ.

ಈಗಿನ ಪದ್ಧತಿಗೆ ಬೇಕಾದ್ದು ಎ4 ಹಾಳೆಯ ಕಾಲು ಭಾಗ, ಒಂದು ಪೆನ್ಸಿಲ್. ಪೆನ್ನು ಬೇಡ; ಮಾಸ್ ಮಾರ್ಕೆಟ್ (ಅಗ್ಗದ ಚಿಕ್ಕ ಪೇಪರ್‌ಬ್ಯಾಕ್) ಪ್ರತಿಯ ಕಾಗದಕ್ಕೆ ಶಾಯಿ ಹತ್ತಿದರೆ ಮರುಮಾರಾಟದ ಬೆಲೆ ಬೀಳುತ್ತದೆ. ಓದು ಶುರುವಾಗುವ ಮೊದಲೇ ಮೂರು ಕಡೆ ನಿಲ್ಲುವ ಜಾಗ ಗುರುತಿಸುತ್ತೇನೆ. ಮೊದಲನೆಯದು ಐವತ್ತನೆಯ ಪುಟ. ಪುಸ್ತಕ ಚಿಕ್ಕದಾದರೆ ಐದನೇ ಒಂದು ಭಾಗ. ಅಲ್ಲಿ ಬರೆಯುವುದು ಎರಡೇ ಸಾಲು: ಈ ಲೋಕದಲ್ಲಿ ನಮ್ಮದಕ್ಕಿಂತ ಬೇರೆಯಾದ ನಿಯಮ ಯಾವುದು, ಅದರ ಬೆಲೆ ತೆರುತ್ತಿರುವವರು ಯಾರು. ಎರಡನೆಯದು ಸರಿಯಾಗಿ ನಡುವೆ. ಅಲ್ಲಿ ಒಂದಾದರೂ ಖಚಿತವಾದ ಊಹೆ ಇರಬೇಕು. 'ಏನೋ ಕೆಟ್ಟದ್ದಾಗುತ್ತದೆ' ಎಂಬುದು ನಡೆಯುವುದಿಲ್ಲ, ಯಾರು ಯಾರಿಗೆ ಏನು ಮಾಡುತ್ತಾರೆ ಎಂದು ಬರೆಯಬೇಕು. ಮೂರನೆಯದು ಕೊನೆಯ ಅಧ್ಯಾಯಕ್ಕೆ ಮೊದಲು, ಲೇಖಕರು ಇನ್ನೂ ತೀರಿಸಬೇಕಾದ ಬಾಕಿಯ ಪಟ್ಟಿ. ಮುಗಿಸಿದ ಮೇಲೆ ತಾರೀಖು ಹಾಕಿ ಚೀಟಿಯನ್ನು ಡಬ್ಬಕ್ಕೆ ಹಾಕುವುದು.

ಆಮೇಲೆ ಕನಿಷ್ಠ ಹತ್ತು ದಿನದ ಬಿಡುವು. ಇಪ್ಪತ್ತನೇ ತಾರೀಖಿನ ನಂತರ ಮುಗಿದದ್ದೆಲ್ಲ ಮುಂದಿನ ತಿಂಗಳ ಪಟ್ಟಿಗೆ. ಬರೆಯಲು ಕೂತಾಗ ಮೊದಲ ಕರಡು ಚೀಟಿ ನೋಡದೆ ಆಗಬೇಕು. ಹತ್ತು ದಿನದಲ್ಲಿ ಮರೆತುಹೋದ ಉಪಕಥೆಗೆ ಅನಿಸಿಕೆಯಲ್ಲಿ ಜಾಗವಿಲ್ಲ. ಕರಡು ಮುಗಿದ ಮೇಲೆ ಚೀಟಿ ತೆಗೆದು ಹೆಸರುಗಳ ಕಾಗುಣಿತ ತಿದ್ದಿ, ಊಹೆಗೂ ಪುಸ್ತಕ ಮಾಡಿದ್ದಕ್ಕೂ ಎಷ್ಟು ದೂರ ಎಂದು ನೋಡುವುದು. ಅನಿಸಿಕೆಯ ಮುಖ್ಯ ವಾಕ್ಯ ಸಿಗುವುದು ಯಾವಾಗಲೂ ಆ ದೂರದಲ್ಲಿ.

ಕಾದಂಬರಿ ಯಾವ ಬಗೆಯದಾದರೂ ಇದು ನಡೆದೀತು, ಆದರೆ ಈ ಪ್ರಕಾರಕ್ಕೆ ಹೆಚ್ಚು ಹೊಂದುತ್ತದೆ. ಇಲ್ಲಿನ ಸುಖವೆಲ್ಲ ಲೋಕದ ನಿಯಮ ಬಿಡಿಸಿಕೊಳ್ಳುವುದರಲ್ಲಿದೆ. ಒಮ್ಮೆ ಬಿಡಿಸಿಕೊಂಡ ಮೇಲೆ, ಗೊತ್ತಿಲ್ಲದಾಗ ತಲೆಯಲ್ಲಿ ಏನಿತ್ತು ಎಂಬುದು ಅಳಿಸಿಹೋಗುತ್ತದೆ. ಸುಸಾನಾ ಕ್ಲಾರ್ಕ್ ಅವರ 'ಪಿರನೇಸಿ' (2020) ಮುಗಿಸಿದವರನ್ನು ಐವತ್ತನೇ ಪುಟದಲ್ಲಿ, ಕಥೆ ನಡೆಯುವ ಆ ಮನೆ ಏನೆಂದು ತಿಳಿದುಕೊಂಡಿದ್ದಿರಿ ಎಂದು ಕೇಳಿ ನೋಡಿ. 'ಆಗಲೇ ಗೊತ್ತಾಗಿತ್ತು' ಎನ್ನುತ್ತಾರೆ. ಚೀಟಿ ಬೇರೆಯೇ ಹೇಳುತ್ತದೆ.

ಎಡವಟ್ಟಾಗುವ ಜಾಗಗಳೂ ಇವೆ. ಕಿಂಡಲ್‌ನ ಶೇಕಡಾ ಲೆಕ್ಕ ನಂಬಬಾರದು. 'ಡ್ಯೂನ್' (1965) ಕೊನೆಯಲ್ಲಿ ಅನುಬಂಧಗಳಿವೆ, ಪದಕೋಶವಿದೆ. ಕಥೆ ನೂರಕ್ಕೆ ಮುಟ್ಟುವ ಬಹಳ ಮೊದಲೇ ಮುಗಿಯುತ್ತದೆ. ಟೋಲ್ಕಿನ್‌ರ 'ದ ರಿಟರ್ನ್ ಆಫ್ ದ ಕಿಂಗ್'ನಲ್ಲಿ ಅನುಬಂಧಗಳೇ ನೂರು ಪುಟ ದಾಟುತ್ತವೆ. ಪರಿವಿಡಿ ನೋಡಿ ಕೊನೆಯ ಅಧ್ಯಾಯ ಎಲ್ಲಿದೆ ಎಂದು ಮೊದಲೇ ಗುರುತಿಸದಿದ್ದರೆ ಮೂರನೇ ನಿಲುಗಡೆ ತಪ್ಪಿತೆಂದೇ ಲೆಕ್ಕ. ಅಡಿಟಿಪ್ಪಣಿ ಹೆಚ್ಚಿರುವ 'ಜೊನಾಥನ್ ಸ್ಟ್ರೇಂಜ್ ಅಂಡ್ ಮಿಸ್ಟರ್ ನಾರೆಲ್' (2004) ತರಹದ್ದನ್ನು ಕಾಗದದಲ್ಲೇ ಓದಬೇಕು. ಇ-ರೀಡರಿನಲ್ಲಿ ಟಿಪ್ಪಣಿಗೆ ಹಾರಿ ವಾಪಸು ಬರುವಷ್ಟರಲ್ಲಿ ಪುಟದ ಹಾಸ್ಯ ಆರಿರುತ್ತದೆ.

ಬಿಡಿ ಕಥೆಗಳನ್ನು ಸೇರಿಸಿ ಕಟ್ಟಿದ ಪುಸ್ತಕಕ್ಕೆ ಮೂರು ನಿಲುಗಡೆ ಸಾಲುವುದಿಲ್ಲ, ಭಾಗಕ್ಕೊಂದು ಸಾಲು ಬೇಕು. ಅಸಿಮೊವ್‌ರ 'ಫೌಂಡೇಶನ್' (1951) ಐದು ಭಾಗದ್ದು. ನಾಲ್ಕು ಭಾಗ 1942ರಿಂದ 1944ರ ನಡುವೆ 'ಅಸ್ಟೌಂಡಿಂಗ್' ಪತ್ರಿಕೆಯಲ್ಲಿ ಬಂದವು. ಮೊದಲ ಭಾಗವನ್ನು ಮಾತ್ರ ಪುಸ್ತಕಕ್ಕೆಂದೇ ಆಮೇಲೆ ಬರೆದದ್ದು. ಇದು ಗೊತ್ತಿಲ್ಲದೆಯೇ ನನ್ನ ಚೀಟಿಯಲ್ಲಿ ಮೊದಲ ಭಾಗದ ಎದುರಿಗೆ 'ಕೈ ಪಳಗಿದೆ', ಎರಡನೆಯದರ ಎದುರಿಗೆ 'ಸಡಿಲ' ಎಂದಿತ್ತು. ಸ್ವಲ್ಪ ಬೀಗುವ ವಿಷಯವೇ. ಲಾವಣ್ಯ ಲಕ್ಷ್ಮಿನಾರಾಯಣ್ ಅವರ 'ದ ಟೆನ್ ಪರ್ಸೆಂಟ್ ಥೀಫ್' ಕೂಡ ಹೆಣೆದ ಕಥೆಗಳ ಪುಸ್ತಕ. ಇದು 2020ರಲ್ಲಿ 'ಅನಲಾಗ್/ವರ್ಚುವಲ್' ಹೆಸರಿನಲ್ಲಿ ಬಂದದ್ದು. ನಮ್ಮ ಬೆಂಗಳೂರೇ ಅಲ್ಲಿ ಏಪೆಕ್ಸ್ ಸಿಟಿ. ಅದಕ್ಕೆ ಚೀಟಿಯ ಎರಡೂ ಮಗ್ಗುಲು ಬೇಕಾಯಿತು.

ನಿರೂಪಕ ನಂಬಿಕೆಗೆ ಅರ್ಹನಲ್ಲದಿದ್ದರೆ ಪುಟಸಂಖ್ಯೆ ಕಡ್ಡಾಯ. ಜೀನ್ ವುಲ್ಫ್‌ರ 'ದ ಬುಕ್ ಆಫ್ ದ ನ್ಯೂ ಸನ್' (ನಾಲ್ಕು ಸಂಪುಟ, 1980ರಿಂದ 1983) ಹೇಳುವವನು ತನಗೆ ಯಾವುದೂ ಮರೆಯುವುದಿಲ್ಲ ಎನ್ನುತ್ತಾನೆ. ಹೇಳಿದ್ದು ಹಿಂದೆ ಹೇಳಿದ್ದಕ್ಕೆ ಕೂಡಿಬರದ ಕಡೆಯಲ್ಲೆಲ್ಲ ಪುಟ ಬರೆದಿಟ್ಟರೆ ಮಾತ್ರ ಮುಂದೆ ಏನಾದರೂ ಹೇಳಬಹುದು. ಕಥೆಯ ಕೊನೆ ಬಯಲು ಮಾಡದೆ, ಆ ಕೊನೆ ಗೆದ್ದಿದೆಯೋ ಸೋತಿದೆಯೋ ಎಂದು ತಿಳಿಸುವ ಒಂದು ವಾಕ್ಯರಚನೆ ನನ್ನ ಬಳಿ ಇದೆ. ಅದು ನನ್ನಲ್ಲೇ ಇರಲಿ. ತಿಂಗಳ ಪಟ್ಟಿಯಲ್ಲಿ ಯಾವುದರ ಬೆನ್ನಿಗೆ ಯಾವುದನ್ನು ಓದುತ್ತೇನೆ ಎಂಬ ಲೆಕ್ಕವೂ ಹಾಗೆಯೇ.

ಇನ್ನು ದುಡ್ಡು. ತಿಂಗಳಿಗೆ ಹೆಚ್ಚುಕಮ್ಮಿ ಸಾವಿರದಿಂದ ಸಾವಿರದ ಇನ್ನೂರು ಹೋಗುತ್ತದೆ, ಮರುಮಾರಾಟದಲ್ಲಿ ಮುನ್ನೂರರಷ್ಟು ಮರಳುತ್ತದೆ. ಹಳೆಯ ಸೈ-ಫೈ ಕೃತಿಗಳನ್ನು ಮರುಮುದ್ರಿಸುವ ಎಸ್‌ಎಫ್ ಮಾಸ್ಟರ್‌ವರ್ಕ್ಸ್ ಮಾಲೆಯ ಹೊಸ ಪ್ರತಿ ನಾನೂರು-ಆರುನೂರು. ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಕಪಾಟಿನಲ್ಲಿ ಅದೇ ನೂರೈವತ್ತರಿಂದ ಇನ್ನೂರೈವತ್ತಕ್ಕೆ ಸಿಗುತ್ತದೆ. ಒಂದೇ ಪುಸ್ತಕಕ್ಕೆ ಎರಡು ಹೆಸರಿದ್ದರೆ ಅದನ್ನೇ ಎರಡು ಸಲ ಕೊಂಡು ಜೇಬಿಗೆ ಕತ್ತರಿ. ಆಲ್ಫ್ರೆಡ್ ಬೆಸ್ಟರ್‌ರ 'ದ ಸ್ಟಾರ್ಸ್ ಮೈ ಡೆಸ್ಟಿನೇಶನ್' ಬ್ರಿಟನ್ನಿನಲ್ಲಿ ಬಂದದ್ದು 'ಟೈಗರ್! ಟೈಗರ್!' ಎಂದು; 'ನಾರ್ದರ್ನ್ ಲೈಟ್ಸ್' ಅಮೆರಿಕದಲ್ಲಿ 'ದ ಗೋಲ್ಡನ್ ಕಂಪಾಸ್'. ಅಂಗಡಿಯಲ್ಲೇ ನಿಂತು ಐಎಸ್‌ಎಫ್‌ಡಿಬಿ (ಈ ಪ್ರಕಾರದ ಪುಸ್ತಕಗಳ ವಿವರವಿರುವ ಜಾಲತಾಣ) ತೆಗೆದು ನೋಡಿದರೆ ಬೇರೆ ಹೆಸರುಗಳೂ ಸರಣಿಯ ಕ್ರಮವೂ ಒಟ್ಟಿಗೆ ಸಿಗುತ್ತವೆ. ನಾವೆಲ್ಲಾಗಳು, ಅಂದರೆ ಕಿರುಕಾದಂಬರಿಗಳು, ದುಬಾರಿ ಬಾಬತ್ತು. ಹ್ಯೂಗೋ ಪ್ರಶಸ್ತಿಯ ನಿಯಮದಂತೆ 17,500ರಿಂದ 40,000 ಪದದೊಳಗಿನವು, ಆದರೆ ಬೆಲೆಯಲ್ಲಿ ದಪ್ಪ ಕಾದಂಬರಿಗೆ ಸರಿಸಮ. ಅವನ್ನು ಇ-ಪುಸ್ತಕದ ರಿಯಾಯಿತಿಗೆ ಕಾದು ಮಾತ್ರ ಕೊಳ್ಳುವುದು.

ಪಟ್ಟಿಯ ಒಂದು ಪುಸ್ತಕ ಸದಾ ಬಿಟ್ಟಿ. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕರು ತೀರಿಕೊಂಡ ಮೇಲೆ ಅರವತ್ತು ವರ್ಷ. ಎಚ್. ಜಿ. ವೆಲ್ಸ್ (ನಿಧನ 1946) ಎಂದೋ ಮುಕ್ತ, ಸ್ಟೇಪಲ್ಡನ್ (1950) 2011ರಿಂದ, ಸಿ. ಎಸ್. ಲೂಯಿಸ್ (1963) 2024ರಿಂದ. ಬೇಗಂ ರುಕೈಯಾ ಅವರ 'ಸುಲ್ತಾನಾಸ್ ಡ್ರೀಮ್' 1905ರಲ್ಲಿ ಮದರಾಸಿನ ಪತ್ರಿಕೆಯಲ್ಲಿ ಬಂದದ್ದು, ಒಂದೇ ಕೂತಕ್ಕೆ ಮುಗಿಯುತ್ತದೆ. 'ಕ್ಲಾರ್ಕ್ಸ್‌ವರ್ಲ್ಡ್', 'ಸ್ಟ್ರೇಂಜ್ ಹೊರೈಜನ್ಸ್' ಜಾಲಪತ್ರಿಕೆಗಳ ಕಥೆಗಳಿಗೆ ದುಡ್ಡು ಕೊಡಬೇಕಿಲ್ಲ. ಕನ್ನಡದ್ದು ಸಿಗುವುದೇ ಕಷ್ಟ. ವಿಜ್ಞಾನ ಕಥೆಗಾರ ರಾಜಶೇಖರ ಭೂಸನೂರಮಠರ ಪುಸ್ತಕದ ಹಳೆಯ ಪ್ರತಿ ಅವೆನ್ಯೂ ರಸ್ತೆಯಲ್ಲಿ ಕಂಡರೆ ಚೌಕಾಸಿ ಮಾಡದೆ ಎತ್ತಿಕೊಳ್ಳುವುದು ಒಳ್ಳೆಯದು. 'ಕರ್ವಾಲೊ' (1980) ಈ ಪಟ್ಟಿಗೆ ಸೇರುತ್ತದೋ ಇಲ್ಲವೋ ಎಂಬ ಜಗಳ ಮುಗಿಯುವುದಿಲ್ಲ. ನಾನು ಸೇರಿಸಿದ್ದೇನೆ. ಹಾರುವ ಓತಿಯನ್ನು ಹುಡುಕುವ ಕಥೆಗೆ ಮೊದಲ ನಿಲುಗಡೆಯ ಪ್ರಶ್ನೆ ಸಲೀಸಾಗಿ ಹೊಂದಿತು.

ನಡುವೆ ಎರಡು ಪ್ರಯೋಗ ನಡೆದವು. ಲಿಯು ಸಿಷಿನ್‌ರ 'ದ ತ್ರೀ-ಬಾಡಿ ಪ್ರಾಬ್ಲಮ್' ಇಂಗ್ಲಿಷಿನಲ್ಲಿ (2014) ಚೀನಾದ ಸಾಂಸ್ಕೃತಿಕ ಕ್ರಾಂತಿಯ ಅಧ್ಯಾಯಗಳಿಂದ ಶುರುವಾಗುತ್ತದೆ. 2006ರಲ್ಲಿ ಧಾರಾವಾಹಿಯಾಗಿ ಬಂದಾಗಲೂ ಹಾಗೇ ಇತ್ತು, 2008ರ ಚೀನೀ ಪುಸ್ತಕದಲ್ಲಿ ಮಾತ್ರ ಅವನ್ನು ಒಳಕ್ಕೆ ಸರಿಸಲಾಗಿತ್ತು. ಮರು ಓದಿನಲ್ಲಿ ಎರಡನೇ ಭಾಗದಿಂದ ಹೊರಟು, ಕೆಲವು ಅಧ್ಯಾಯಗಳಾದ ಮೇಲೆ ಹಿಂದಕ್ಕೆ ಬಂದೆ. ಆಗ ಅದು ಪತ್ತೇದಾರಿ ಕಥೆಯ ಹಾಗೆ ಓಡುತ್ತದೆ. ಆದರೆ ಆ ಅಧ್ಯಾಯಗಳ ನಾಯಕಿ ಯೆ ವೆಂಜಿಯ ಸಿಟ್ಟಿನ ಭಾರ ಅರ್ಧಕ್ಕರ್ಧ ಇಳಿಯುತ್ತದೆ. ಇಂಗ್ಲಿಷ್ ಕ್ರಮವೇ ಗಟ್ಟಿ. ಇನ್ನೊಂದು ಆಡಿಯೋ. ಫ್ಯಾಂಟಸಿಗೆ ದಂಡ, ಕೇಳಿದ ಹೆಸರು ಬರೆಯಲು ಬರುವುದಿಲ್ಲ, ನಕ್ಷೆಯಿಲ್ಲ, ಐವತ್ತನೇ ಪುಟವೆಂಬುದೂ ಇಲ್ಲ. 'ಪ್ರಾಜೆಕ್ಟ್ ಹೇಲ್ ಮೇರಿ' (2021) ತರಹ ಒಬ್ಬನೇ ಹೇಳುವ ಕಥೆಗೆ ಮಾತ್ರ 1.25ರ ವೇಗದಲ್ಲಿ ನಡೆಯಿತು. ನಿಲುಗಡೆಗಳನ್ನು ಗಂಟೆ ಲೆಕ್ಕದಲ್ಲಿ ಹಾಕಿಕೊಳ್ಳಬೇಕು, ಅಷ್ಟೇ.

ಮೊದಲ ನಿಲುಗಡೆಯಲ್ಲಿ ನಿಯಮದ ಸಾಲು ಬರೆಯಲಾಗದಿದ್ದರೆ ಇನ್ನೂ ಇಪ್ಪತ್ತು ಪುಟ ಕೊಡುತ್ತೇನೆ. ಆಗಲೂ ಆಗದಿದ್ದರೆ ಬಿಡುವುದು, ರಸೀದಿ ಹಳತಾಗುವ ಮೊದಲೇ ಅಂಗಡಿಗೆ ಮರಳಿಸುವುದು. ಲೆ ಗ್ವಿನ್‌ರ 'ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' (1969) ಮಾತ್ರ ಇದಕ್ಕೆ ಅಪವಾದ. ಅಲ್ಲಿ ವರದಿ, ಜಾನಪದ ಕಥೆ, ದಿನಚರಿ ಬೆರೆತಿರುವುದರಿಂದ ನಿಯಮ ಕೈಗೆ ಹತ್ತುವುದು ತಡ. ಯಾವ ಅಧ್ಯಾಯ ಯಾರ ಬಾಯಲ್ಲಿದೆ ಎಂದು ಚೀಟಿಯಲ್ಲಿ ಗುರುತು ಹಾಕುತ್ತಾ ನೂರು ಪುಟದವರೆಗೆ ಹೋಗಬೇಕು. ಬಿಟ್ಟ ಪುಸ್ತಕಗಳಿಗೆ ತಲಾ ನಲವತ್ತು ಪದ; ಅವು ತಿಂಗಳ ಪಟ್ಟಿಯ ತಳದಲ್ಲಿ, ಬಿಟ್ಟ ಪುಟದ ಸಂಖ್ಯೆಯೊಂದಿಗೆ.