ಸರ್ವರ್ ಹ್ಯಾಂಗ್ ಆಯಿತೆಂದು ಸ್ವಿಚ್ ಒತ್ತುವ ಮೊದಲು

ಕುಂಬಳೆಯ ಡಿಟಿಪಿ ಅಂಗಡಿಯಿರಲಿ, ಮುಳ್ಳೇರಿಯದ ಸಹಕಾರಿ ಸಂಘವಿರಲಿ, ಹತ್ತು-ಹನ್ನೆರಡು ಕಂಪ್ಯೂಟರುಗಳಿದ್ದಲ್ಲಿ ಮೂಲೆಯಲ್ಲೊಂದು ಹಳೆಯ ಪೆಟ್ಟಿಗೆ ಲಿನಕ್ಸ್ ಹಾಕಿಸಿಕೊಂಡು ಫೈಲ್ ಸರ್ವರ್ ಆಗಿ ಕೂತಿರುವುದುಂಟು. ಕೇರಳದ ಶಾಲೆಗಳಲ್ಲಿ ಮಕ್ಕಳು ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುವುದರಿಂದ ಕಾಸರಗೋಡಿನಲ್ಲಿ ಅದರ ಪರಿಚಯ ಹೊಸತಲ್ಲ. ಆದರೆ ಒಂದು ದಿನ ಫೈಲ್ ತೆರೆಯಲು ನಿಮಿಷ ಹಿಡಿಯುತ್ತದೆ, ಸರ್ವರಿನ ಫ್ಯಾನ್ ಬೊಬ್ಬೆ ಹಾಕುತ್ತದೆ, ಯಾರೋ ಹೋಗಿ ಸ್ವಿಚ್ ಒತ್ತುತ್ತಾರೆ. ಅರ್ಧ ಗಂಟೆ ಎಲ್ಲ ಸರಿ. ಆಮೇಲೆ ಮತ್ತೆ ಅದೇ ರಾಮಾಯಣ. ಏಕೆಂದರೆ ರೋಗದ ಮೂಲ ಹೆಚ್ಚಿನ ಸಲ ಸರ್ವರಿನಲ್ಲಿ ಇರುವುದಿಲ್ಲ, ಅದಕ್ಕೆ ಜೋಡಿಸಿದ ಯಾವುದೋ ಒಂದು ಕಂಪ್ಯೂಟರಿನಲ್ಲಿರುತ್ತದೆ.

ವಿಂಡೋಸ್ ಯಂತ್ರಗಳಿಗೆ ಲಿನಕ್ಸಿನಿಂದ ಫೈಲ್ ಹಂಚುವ ತಂತ್ರಾಂಶ ಸಾಂಬಾ. 1992ರಲ್ಲಿ ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಡ್ಜೆಲ್ ಶುರುಮಾಡಿದ್ದು. ಅದರ ಕ್ರಮ ಸರಳ: ಎಸ್‌ಎಂಬಿಡಿ ಎಂಬ ಮೂಲ ಪ್ರಾಸೆಸ್ (ಓಡುತ್ತಿರುವ ಪ್ರೋಗ್ರಾಂ) ಒಂದು ಬಾಗಿಲಲ್ಲಿ ಕಾಯುತ್ತದೆ, ಸಂಪರ್ಕಕ್ಕೆ ಬರುವ ಪ್ರತಿ ಕಂಪ್ಯೂಟರಿಗೂ ಒಂದೊಂದು ಮರಿ ಪ್ರಾಸೆಸ್ ಹುಟ್ಟಿಸುತ್ತದೆ. ಹಾಗಾಗಿ ಯಾವ ಮರಿ ಕೆರಳಿದೆ ಎಂದು ತಿಳಿದರೆ ಯಾವ ಮೇಜಿಗೆ ಹೋಗಬೇಕೆಂದೂ ತಿಳಿಯಿತು.

ಇಲ್ಲಿ ಆದೇಶಗಳನ್ನು ಓದಲು ಅನುಕೂಲವಾಗುವಂತೆ ಕನ್ನಡದಲ್ಲಿ ಬರೆದಿದೆ. ಟೈಪಿಸುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ, ಹೆಚ್ಚಿನವಕ್ಕೆ ಆದೇಶಕ್ಕಿಂತ ಮೊದಲು ಸುಡೊ (ನಿರ್ವಾಹಕರ ಅಧಿಕಾರ ಕೊಡುವ ಪದ) ಸೇರಿಸಿ.

ಮೊದಲು ಟಾಪ್

ಸರ್ವರಿನ ಟರ್ಮಿನಲ್‌ನಲ್ಲಿ ಟಾಪ್ ಎಂದು ಕೊಟ್ಟು, ದೊಡ್ಡಕ್ಷರದ ಪಿ ಒತ್ತಿದರೆ ಸಿಪಿಯು ಹೆಚ್ಚು ತಿನ್ನುವ ಪ್ರಾಸೆಸ್ ಮೇಲೆ ಬರುತ್ತದೆ. ದೊಡ್ಡಕ್ಷರದ ಎಂ ಒತ್ತಿದರೆ ಮೆಮೊರಿಯ ಲೆಕ್ಕ. ಮೇಲಿನ ಸಾಲಿನ ಲೋಡ್ ಆವರೇಜಿನ (ಓಡುತ್ತಿರುವ, ಸರದಿ ಕಾಯುತ್ತಿರುವ ಪ್ರಾಸೆಸ್‌ಗಳ ಸರಾಸರಿ) ಮೂರು ಅಂಕೆಗಳು ಕಳೆದ 1, 5, 15 ನಿಮಿಷಗಳವು. ನಾಲ್ಕು ಕೋರಿನ ಯಂತ್ರದಲ್ಲಿ ಲೋಡ್ 4ರ ಒಳಗಿದ್ದರೆ ಗಾಬರಿ ಬೇಡ. ಪ್ರಾಸೆಸ್‌ಗಳ ಪಟ್ಟಿ ಕೊಡುವ ಪಿಎಸ್ ಆದೇಶದ ಸಿಪಿಯು ಶೇಕಡಾ ಅಂಕೆಯನ್ನು ನಂಬಿ ಕೂರಬೇಡಿ: ಅದು ಪ್ರಾಸೆಸ್ ಹುಟ್ಟಿದ ಕ್ಷಣದಿಂದ ಇಲ್ಲಿಯವರೆಗಿನ ಸರಾಸರಿ. ಬೆಳಗ್ಗಿನಿಂದ ಸುಮ್ಮನಿದ್ದು ಈಗಷ್ಟೇ ಕೆರಳಿದ್ದು ಅದರಲ್ಲಿ ಸಾಧುವಾಗಿಯೇ ಕಾಣುತ್ತದೆ.

ಟಾಪ್‌ನಲ್ಲಿ ಡಬ್ಲ್ಯುಎ (ಡಿಸ್ಕಿಗಾಗಿ ಕಾದ ಸಮಯದ ಶೇಕಡಾ) ಎಂಬ ಅಂಕೆಯನ್ನೂ ನೋಡಿ. ಲೋಡ್ ಏರಿದೆ, ಸಿಪಿಯು ಮಾತ್ರ ಖಾಲಿ, ಡಬ್ಲ್ಯುಎ 40-50 ದಾಟಿದೆ, ಎಸ್‌ಎಂಬಿಡಿಗಳ ಸ್ಥಿತಿ ಡಿ ಎಂದಿದೆ ಎಂದಾದರೆ ಕಾಯುತ್ತಿರುವುದು ಡಿಸ್ಕಿಗಾಗಿ. ಡಿ ಸ್ಥಿತಿಯ ಪ್ರಾಸೆಸ್ ಕಿಲ್ ಮೈನಸ್ 9ಕ್ಕೂ ಸಾಮಾನ್ಯವಾಗಿ ಜಗ್ಗದು. ಆಗ ಡಿಎಂಇಎಸ್‌ಜಿ ಆದೇಶ ಕೊಟ್ಟು ಲಿನಕ್ಸಿನ ಒಳ ಸಂದೇಶಗಳನ್ನು ನೋಡಿ; ಐಓ ಎರರ್ ಸಾಲುಗಳಿದ್ದರೆ ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಪೆಂಡಿಂಗ್ ಸೆಕ್ಟರ್ (ಓದಲಾಗದೆ ಉಳಿದ ಭಾಗ) ಎಷ್ಟಿದೆ ಎಂದು ಪರೀಕ್ಷಿಸಿ. ಸೊನ್ನೆಗಿಂತ ಹೆಚ್ಚಿದ್ದರೆ ಬೇರೆಲ್ಲ ಬಿಟ್ಟು ಮೊದಲು ಬ್ಯಾಕಪ್ ತೆಗೆಯಿರಿ.

ಮರಿ ಯಾರದು?

ಸಿಪಿಯು ಸುಮಾರು 100 ಶೇಕಡಾದಲ್ಲೇ ನಿಂತ ಎಸ್‌ಎಂಬಿಡಿ ಸಿಕ್ಕಿತೆಂದುಕೊಳ್ಳಿ. ಅದರ ಪಿಐಡಿ (ಪ್ರಾಸೆಸಿನ ಗುರುತು) ಸಂಖ್ಯೆ ಬರೆದುಕೊಂಡು ಎಸ್‌ಎಂಬಿಸ್ಟೇಟಸ್ ಮೈನಸ್ ಸಣ್ಣ ಪಿ ಕೊಡಿ. ಆ ಸಂಖ್ಯೆಯ ಸಾಲಿನಲ್ಲಿ ಬಳಕೆದಾರರ ಹೆಸರು, ಕಂಪ್ಯೂಟರಿನ ಐಪಿ ಎರಡೂ ಇರುತ್ತವೆ. ಮೈನಸ್ ದೊಡ್ಡ ಎಲ್ ಕೊಟ್ಟರೆ ತೆರೆದಿರುವ ಫೈಲುಗಳು. ಪಿಐಡಿ ಪಟ್ಟಿಯಲ್ಲೇ ಇಲ್ಲವೆಂದಾದರೆ ಅದು ಜೋಡಿಸಿದ ಯಾವ ಕಂಪ್ಯೂಟರಿನ ಪ್ರಾಸೆಸೂ ಅಲ್ಲ, ಸಾಂಬಾದ ಒಳಗೆಲಸದ್ದು. ಮುದ್ರಣದ ಸಾಲು ನೋಡಿಕೊಳ್ಳುವ ಪ್ರಾಸೆಸ್ ಇವುಗಳಲ್ಲೊಂದು. ಸರ್ವರಿನಿಂದ ಪ್ರಿಂಟರ್ ಹಂಚದವರು ಸಾಂಬಾದ ಸೆಟ್ಟಿಂಗುಗಳಿರುವ ಎಸ್‌ಎಂಬಿ ಡಾಟ್ ಕಾನ್ಫ್ ಫೈಲಿನ ಗ್ಲೋಬಲ್ ಭಾಗದಲ್ಲಿ ಲೋಡ್ ಪ್ರಿಂಟರ್ಸ್‌ಗೆ ನೋ, ಪ್ರಿಂಟಿಂಗ್‌ಗೆ ಬಿಎಸ್‌ಡಿ, ಡಿಸೇಬಲ್ ಸ್ಪೂಲ್‌ಎಸ್‌ಎಸ್‌ಗೆ ಯೆಸ್ ಎಂದು ಬರೆದರೆ ಆ ಕಾಟ ಹೋಗುತ್ತದೆ.

ಈಗ ಅದು ಮಾಡುತ್ತಿರುವುದೇನು? ಎಸ್‌ಟ್ರೇಸ್ ಮೈನಸ್ ಸಿ ಮೈನಸ್ ಪಿ, ಮುಂದೆ ಪಿಐಡಿ. ಹತ್ತು ಸೆಕೆಂಡು ಬಿಟ್ಟು ಕಂಟ್ರೋಲ್-ಸಿ ಒತ್ತಿ. ಪ್ರಾಸೆಸ್ ಲಿನಕ್ಸನ್ನು ಯಾವ ಕೆಲಸಕ್ಕೆ ಎಷ್ಟು ಸಲ ಕರೆಯಿತೆಂಬ ಪಟ್ಟಿ ಬರುತ್ತದೆ. ಓದುವ ಕರೆಗಳೇ ತುಂಬಿದ್ದರೆ ಆ ಕಂಪ್ಯೂಟರು ಫೈಲುಗಳನ್ನು ಒಂದೊಂದಾಗಿ ಎಳೆಯುತ್ತಿದೆ. ಆಂಟಿವೈರಸ್ ನೆಟ್‌ವರ್ಕ್ ಡ್ರೈವನ್ನೂ ಜಾಲಾಡುವಂತೆ ಇಟ್ಟಿರುವುದು ಇದರ ಸಾಮಾನ್ಯ ಕಾರಣ. ಆ ನೆಟ್‌ವರ್ಕ್ ಡ್ರೈವನ್ನು ಆಂಟಿವೈರಸ್ಸಿನ ಪಟ್ಟಿಯಿಂದ ಹೊರಗಿಡಿ. ಎಸ್‌ಟ್ರೇಸಿನ ಪಟ್ಟಿ ಖಾಲಿಯಿದ್ದೂ ಸಿಪಿಯು ಏರಿಯೇ ಇದ್ದರೆ ಪ್ರಾಸೆಸ್ ತನ್ನೊಳಗೇ ಸುತ್ತು ಹೊಡೆಯುತ್ತಿದೆ. ಅದಕ್ಕೆ ಸಾಂಬಾವನ್ನು ಹೊಸ ಆವೃತ್ತಿಗೆ ಏರಿಸುವುದೇ ದಾರಿ.

ಗೆಟ್‌ಡೆಂಟ್ಸ್ ಎಂಬ, ಫೋಲ್ಡರಿನ ಪಟ್ಟಿ ಓದುವ ಕರೆ ಸಾವಿರಗಟ್ಟಲೆ ಇದ್ದರೆ ಸಮಸ್ಯೆ ಫೋಲ್ಡರಿನ ಗಾತ್ರದ್ದು. ವಿಂಡೋಸಿಗೆ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಒಂದೇ, ಲಿನಕ್ಸಿಗೆ ಬೇರೆ ಬೇರೆ. ಇಲ್ಲದ ಫೈಲೊಂದನ್ನು ವಿಂಡೋಸ್ ಕೇಳಿದಾಗ, ಬೇರೆ ಅಕ್ಷರಗಾತ್ರದಲ್ಲಿ ಅದೇ ಹೆಸರು ಇಲ್ಲವೆಂದು ಖಚಿತಪಡಿಸಲು ಸಾಂಬಾ ಇಡೀ ಫೋಲ್ಡರನ್ನು ಓದಬೇಕು. ಸ್ಕ್ಯಾನ್ ಮಾಡಿದ 50,000 ರಶೀದಿಗಳು ಒಂದೇ ಫೋಲ್ಡರಿನಲ್ಲಿದ್ದರೆ ಪ್ರತಿ ಹೊಸ ಫೈಲಿಗೂ ಈ ಜಪ ನಡೆಯಬಹುದು. ವರ್ಷ, ತಿಂಗಳು ಎಂದು ಒಳ ಫೋಲ್ಡರುಗಳಿಗೆ ಹಂಚಿದರೆ ಮುಗಿಯಿತು. ಎಸ್‌ಎಂಬಿ ಡಾಟ್ ಕಾನ್ಫ್‌ನಲ್ಲಿ ಕೇಸ್ ಸೆನ್ಸಿಟಿವ್ ಅನ್ನು ಯೆಸ್ ಮಾಡುವ ದಾರಿಯೂ ಇದೆ, ಆದರೆ ಮೊದಲೇ ಎಲ್ಲ ಹೆಸರುಗಳನ್ನು ಸಣ್ಣಕ್ಷರಕ್ಕೆ ತಂದಿರಬೇಕು. ಮರೆತರೆ ಹಳೆಯ ಫೈಲು ಕಣ್ಣೆದುರಿಗಿದ್ದೂ ತೆರೆಯದು.

ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ಮಾತು. ಲಿನಕ್ಸಿನ ಇಎಕ್ಸ್‌ಟಿ4ರಲ್ಲಿ ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ, ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್. ‘ಕ್ಷೇ’ ಎಂಬ ಒಂದಕ್ಷರಕ್ಕೇ ಕನಿಷ್ಠ 12 ಬೈಟ್ ಬೇಕು. ಅಂದರೆ 85 ಚಿಹ್ನೆಗೆ ಮುಗಿಯಿತು. ವಿಂಡೋಸಿನಲ್ಲಿ ಸಲೀಸಾಗಿ ಕೂತ ಉದ್ದ ಹೆಸರು ಸರ್ವರಿಗೆ ಹೋಗುವುದಿಲ್ಲ. ಸೋತದ್ದನ್ನು ಮತ್ತೆ ಮತ್ತೆ ಕಳಿಸುವಂತೆ ಹೊಂದಿಸಿದ ಬ್ಯಾಕಪ್ ತಂತ್ರಾಂಶವಿದ್ದರೆ ರಾತ್ರಿಯಿಡೀ ಅದೇ ಕೆಲಸ.

ಕೊಲ್ಲುವುದು ಹೇಗೆ

ಆ ಮೇಜಿನವರಿಗೆ ಕೆಲಸ ಸೇವ್ ಮಾಡಲು ಹೇಳಿ. ಆಮೇಲೆ ಕಿಲ್, ಮುಂದೆ ಪಿಐಡಿ, ಅಷ್ಟೆ. ಆ ಒಂದು ಕಂಪ್ಯೂಟರಿನ ಸಂಪರ್ಕ ಮಾತ್ರ ಕಡಿಯುತ್ತದೆ, ವಿಂಡೋಸ್ ಸಾಮಾನ್ಯವಾಗಿ ತಾನೇ ಮತ್ತೆ ಜೋಡಿಸಿಕೊಳ್ಳುತ್ತದೆ. ಅರ್ಧ ನಿಮಿಷ ಕಾದೂ ಹೋಗದಿದ್ದರೆ ಮಾತ್ರ ಮೈನಸ್ 9. ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಸ್‌ಎಂಬಿಡಿ ತೋರಿಸುವ ಮೇನ್ ಪಿಐಡಿಗೆ ಕೈ ಹಾಕಬೇಡಿ. ಅದು ಹೋದರೆ ಯಾರಿಗೂ ಹೊಸ ಸಂಪರ್ಕ ಸಿಗದು. ಮರಿ ಮತ್ತೆ ಕೆರಳಿದರೆ ಎಸ್‌ಎಂಬಿಕಂಟ್ರೋಲ್, ಪಿಐಡಿ, ಡಿಬಗ್ 5 ಎಂದು ಕೊಟ್ಟು ಲಾಗಿನ (ದಿನಚರಿ ಫೈಲಿನ) ವಿವರ ಹೆಚ್ಚಿಸಿ, ಒಂದು ನಿಮಿಷದ ಲಾಗ್ ಓದಿ, ಮರೆಯದೆ 1ಕ್ಕೆ ಇಳಿಸಿ. ಎಸ್‌ಎಂಬಿ ಡಾಟ್ ಕಾನ್ಫ್‌ನಲ್ಲಿ ಮ್ಯಾಕ್ಸ್ ಲಾಗ್ ಸೈಜ್ ಸೊನ್ನೆ ಎಂದಿದ್ದರೆ ಮಿತಿಯೇ ಇಲ್ಲ, ಡಿಸ್ಕ್ ತುಂಬುವವರೆಗೂ ಬರೆಯುತ್ತದೆ. 5000 ಕಿಲೋಬೈಟ್ ಸಾಕು.

ಆಟಿಯ ಮಳೆಗೆ ಕರೆಂಟ್ ಹೋದಾಗ ಸರ್ವರ್ ಯುಪಿಎಸ್ ಮೇಲೆ ಉಳಿದು ಉಳಿದವು ಸತ್ತರೆ, ಸತ್ತವುಗಳ ಮರಿಗಳು ಫೈಲಿನ ಬೀಗ ಹಿಡಿದೇ ಕೂರುತ್ತವೆ. ಎದುರಿನ ಯಂತ್ರ ಬದುಕಿದೆಯೇ ಎಂದು ನೋಡುವ ಲಿನಕ್ಸಿನ ಟಿಸಿಪಿ ಕೀಪ್‌ಅಲೈವ್ ಪರೀಕ್ಷೆ ಶುರುವಾಗುವುದೇ 7200 ಸೆಕೆಂಡಿನ ಮೌನದ ನಂತರ. ಎಸ್‌ಎಂಬಿ ಡಾಟ್ ಕಾನ್ಫ್‌ನ ಸಾಕೆಟ್ ಆಪ್ಶನ್ಸ್‌ನಲ್ಲಿ ಎಸ್‌ಓ ಕೀಪ್‌ಅಲೈವ್ ಜೊತೆಗೆ ಟಿಸಿಪಿ ಕೀಪ್‌ಐಡಲ್ 120, ಕೀಪ್‌ಇಂಟ್‌ವಿಎಲ್ 10, ಕೀಪ್‌ಸಿಎನ್‌ಟಿ 5 ಎಂದು ಕೊಟ್ಟರೆ ಸುಮಾರು ಮೂರು ನಿಮಿಷದಲ್ಲಿ ಬೀಗ ಬಿಡುತ್ತವೆ. ಬದಲಾಯಿಸಿದ ಮೇಲೆ ಟೆಸ್ಟ್‌ಪಾರ್ಮ್ ಓಡಿಸಿ ತಪ್ಪಿಲ್ಲವೆಂದು ನೋಡಿ, ಕಚೇರಿ ಮುಚ್ಚಿದ ಮೇಲೆ ಎಸ್‌ಎಂಬಿಡಿಯನ್ನು ರೀಸ್ಟಾರ್ಟ್ ಮಾಡಿ.