ಲಸಿಕೆ ಆಗಿ ವಾರ ಆದ್ಮೇಲೆ ತೋಳು ಕೆಂಪಾದ್ರೆ ಏನ್ ಮಾಡ್ಬೇಕು

ಲಸಿಕೆ ಹಾಕಿಸ್ಕೊಂಡ ದಿನ ತೋಳು ನೋಯತ್ತೆ, ಎರಡು ದಿನಕ್ಕೆ ಸರಿಹೋಗತ್ತೆ. ಆದ್ರೆ ಅಪರೂಪಕ್ಕೆ ಕೆಲವರಿಗೆ ವಾರ ಕಳೆದು ಇಂಜೆಕ್ಷನ್ ಮರ್ತೇ ಹೋಗಿರೋವಾಗ ಅದೇ ಜಾಗ ಕೆಂಪಾಗಿ ಊದ್ಕೊಂಡು ಕಡಿಯೋಕೆ ಶುರುವಾಗತ್ತೆ. ಆಗ ನಮ್ಮ ಮುಂಬೈ ಸುತ್ತಿನ ಡೊಂಬಿವಲಿ, ಮುಲುಂಡ್ ಕಡೆ ಜನ ನೇರ ಸ್ಟೇಷನ್ ಹತ್ರದ ಮೆಡಿಕಲ್‌ಗೆ ಹೋಗಿ ತೋಳು ತೋರ್ಸಿ ಆಂಟಿಬಯಾಟಿಕ್ ತಗೊಂಡು ನುಂಗ್ತಾರೆ, ಇದನ್ನ ನೋಡಿ ನೋಡಿ ಸಾಕಾಗಿದೆ.

2021ರಲ್ಲಿ ಬಾಸ್ಟನ್ನಿನ ಡಾಕ್ಟರುಗಳು ಮಾಡರ್ನಾ ಕೋವಿಡ್ ಲಸಿಕೆ ತಗೊಂಡ 12 ಜನರಲ್ಲಿ ಇಂಥದ್ದೇ ಬಾವು ವರದಿ ಮಾಡಿದ್ರು. ಮೊದಲ ಡೋಸ್ ಆಗಿ 4ರಿಂದ 11 ದಿನದೊಳಗೆ ಬಂದಿತ್ತು. ಸೋಂಕಲ್ಲ, ದೇಹದ ಟಿ ಕೋಶಗಳು (ರೋಗದ ವಿರುದ್ಧ ಹೋರಾಡೋ ಒಂದು ಬಗೆಯ ಬಿಳಿ ರಕ್ತಕಣ) ತಡವಾಗಿ ತೋರ್ಸೋ ಪ್ರತಿಕ್ರಿಯೆ ಅನ್ನೋದು ಅವರ ಅಭಿಪ್ರಾಯ.

ಮೊದಲು ಇಂಜೆಕ್ಷನ್ ಆಗಿ ಎಷ್ಟು ದಿನ ಆಯ್ತು ಎಣಿಸಿ.

ಆಮೇಲೆ ಗೆರೆ ಹಾಕಿ, ಎಲ್ಲರೂ ಎಡವೋದು ಇಲ್ಲೇ. ಕೆಂಪಿನ ಅಂಚಿನ ಮೇಲೇ ಸುತ್ತಲೂ ಎಳೀರಿ, ಅಂದಾಜಿಗೆ ದೊಡ್ಡ ವೃತ್ತ ಬರೆದ್ರೆ ಹರಡಿದ್ದು ಗೊತ್ತೇ ಆಗಲ್ಲ. ನಮ್ಮ ಕಂದು ಚರ್ಮದ ಮೇಲೆ ಟ್ಯೂಬ್‌ಲೈಟಲ್ಲಿ ಕೆಂಪು ಸರಿಯಾಗಿ ಕಾಣಲ್ಲ, ಹಗಲು ಕಿಟಕಿ ಹತ್ರ ನಿಂತು ಬೆರಳಿನ ಹಿಂಭಾಗದಿಂದ ಮುಟ್ಟಿ ಬಿಸಿ ಎಲ್ಲಿಗೆ ಮುಗಿಯತ್ತೆ ನೋಡ್ಕೊಳ್ಳಿ. ಜೆಲ್ ಪೆನ್ ಬೇಡ, ಮುಂಬೈ ಬೆವರಿಗೆ ನಿಲ್ಲಲ್ಲ, ಮಾರ್ಕರ್ರೇ ಆಗ್ಬೇಕು. ಪಕ್ಕದಲ್ಲಿ ತಾರೀಕು, ಟೈಮ್ ಬರೆದು ಫೋಟೋ ತೆಗೀರಿ, ಬೆಳಗ್ಗೆ ಸಂಜೆ ಹೀಗೇ ಮಾಡಿ.

ಕಡಿತ ಜಾಸ್ತಿ, ನೋವು ಕಮ್ಮಿ, ಜ್ವರ ಇಲ್ಲ ಅಂದ್ರೆ ಸಾಮಾನ್ಯವಾಗಿ ವಾರದೊಳಗೆ ಇಳಿಯತ್ತೆ. ಗೆರೆ ದಾಟಿ ಹರಡ್ತಾ ನೋವೂ ಏರ್ತಿದ್ರೆ, ಜ್ವರ, ಕೀವು ಬಂದ್ರೆ, ಕಂಕುಳ ಕಡೆ ಕೆಂಪು ಗೆರೆ ಹೋದ್ರೆ ಅವತ್ತೇ ಡಾಕ್ಟರ್ ಹತ್ರ ಹೋಗಿ, ಫೋಟೋ ತೋರ್ಸಿ, ಲಸಿಕೆ ತಾರೀಕು ಮರೀದೆ ಹೇಳಿ. ಮೈಯೆಲ್ಲ ದದ್ದು, ಮುಖ ಊತ, ಉಸಿರಾಟದ ತೊಂದ್ರೆ ಇದ್ರೆ ಕಾಯಲೇಬೇಡಿ, ಸೀದಾ ಆಸ್ಪತ್ರೆ.

ಮನೇಲಿ ಬಟ್ಟೇಲಿ ಸುತ್ತಿದ ಐಸ್ ಸಾಕು. ಕಡಿತದ ಮಾತ್ರೆ, ಸ್ಟಿರಾಯ್ಡ್ ಮುಲಾಮು ಡಾಕ್ಟರ್ ಹೇಳಿದ್ರೆ ಮಾತ್ರ. ಸ್ಟಿರಾಯ್ಡು, ಫಂಗಸ್ ಔಷಧಿ, ಆಂಟಿಬಯಾಟಿಕ್ ಮೂರೂ ಬೆರೆಸಿದ ಟ್ಯೂಬ್ ಸಿಗತ್ತಲ್ಲ, ಅದನ್ನ ಮನೆಗೇ ತರ್ಬೇಡಿ. ಬಾಮ್, ಸುಣ್ಣ ಅರಿಶಿನ ಕೂಡ ಬೇಡ.

ಮಗುವಿಗೆ ಹಾಕೋ ಬಿಸಿಜಿ, ಅಂದ್ರೆ ಕ್ಷಯದ ಲಸಿಕೆ, ಬೇರೆ ವಿಷ್ಯ, ಕೆಲವು ವಾರಕ್ಕೆ ಗುಳ್ಳೆ ಎದ್ದು ಒಡೆದು ಕಲೆ ಆಗೋದು ಸಹಜ, ಹಿಸುಕ್ಬೇಡಿ, ಏನೂ ಹಚ್ಬೇಡಿ.

ತೋಳು ಕೆಂಪಾಯ್ತು ಅಂತ ಮುಂದಿನ ಡೋಸ್ ನೀವೇ ಬಿಡ್ಬೇಡಿ, ಇನ್ನೊಂದು ತೋಳಿಗೆ ಹಾಕಿಸ್ಬಹುದಾ ಅಂತ ಡಾಕ್ಟರನ್ನ ಕೇಳಿ. ಆಗಿದ್ದನ್ನ ಲಸಿಕೆ ಹಾಕಿದ ಕಡೆ ತಿಳ್ಸಿ, ಇಲ್ಲಾಂದ್ರೆ ಔಷಧಿ ಅಡ್ಡಪರಿಣಾಮ ದಾಖಲಿಸೋ ಸರ್ಕಾರಿ ಟೋಲ್‌ಫ್ರೀ ನಂಬರ್ 1800-180-3024ಕ್ಕೆ ಫೋನ್ ಮಾಡಿ.