ಕಾಮಾಲೆ, ಪಂಡಿತರು ಮತ್ತು ನಾನು

ಉಡುಪಿ ಜಿಲ್ಲೆಯ ಹೆಬ್ರಿ ಕಡೆ ಕ್ಲಿನಿಕ್ ಇಟ್ಟವನಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಕಣ್ಣು ಹಳದಿಯಾದವರು ಮೊದಲು ಹೋಗುವುದು ಪಂಡಿತರ ಮನೆಗೆ, ನನ್ನ ಸರದಿ ಆಮೇಲೆ. ನೆಲನೆಲ್ಲಿಯನ್ನು ಬೇರುಸಮೇತ ಅರೆದು, ಮಜ್ಜಿಗೆಯಲ್ಲಿ ಕದಡಿ ಬರಿಹೊಟ್ಟೆಗೆ ಕೊಡುತ್ತಾರೆ. ಉಪ್ಪು, ಎಣ್ಣೆ, ಮೀನು ಬಂದ್. ಇದನ್ನು ಬೈದು ಬಿಡಿಸಲು ಹೊರಟರೆ ಜನ ಮದ್ದು ಬಿಡುವುದಿಲ್ಲ, ನನ್ನಲ್ಲಿ ಹೇಳುವುದನ್ನು ಬಿಡುತ್ತಾರೆ.

ಅದಕ್ಕೇ ಪಂಡಿತರಲ್ಲಿಗೇ ಹೋದೆ, ವಾದಕ್ಕಲ್ಲ. ನೀರಿನಿಂದ ಹರಡುವ ಯಕೃತ್ತಿನ ಸೋಂಕು ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಯಾವ ಮದ್ದೂ ಇಲ್ಲದೆ ಕೆಲವು ವಾರಗಳಲ್ಲಿ ಇಳಿಯುತ್ತದೆ. ಅದರ ಕೀರ್ತಿ ನೆಲನೆಲ್ಲಿಗೆ ಸಂದರೆ ನನ್ನ ಗಂಟೇನು ಹೋಗುತ್ತದೆ? ಆ ಗಿಡದ ಬಗ್ಗೆ ತಾತ್ಸಾರವೂ ಇಲ್ಲ. 1988ರಲ್ಲಿ ಮದ್ರಾಸಿನ ವೈದ್ಯರು ಹೆಪಟೈಟಿಸ್ ಬಿ ವೈರಸ್ ಮೈಯಲ್ಲೇ ಉಳಿದುಕೊಂಡ ವಾಹಕರಿಗೆ ಅದನ್ನು ಕೊಟ್ಟು ನೋಡಿ, ಗುಣ ಕಂಡಿತೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ.

ನನ್ನ ಚಿಂತೆ ಇಲಿಜ್ವರದ್ದು. ಇಲಿಯ ಮೂತ್ರ ಸೇರಿದ ಗದ್ದೆ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಒಳಹೊಗುವ ಆ ರೋಗಾಣುವೂ ಕಣ್ಣನ್ನು ಹಳದಿ ಮಾಡುತ್ತದೆ. ಪೆನಿಸಿಲಿನ್ ಅಥವಾ ಡಾಕ್ಸಿಸೈಕ್ಲಿನ್ ಶುರುಮಾಡುವುದು ತಡವಾದರೆ ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್‌ಗೆ ಮಣಿಪಾಲಕ್ಕೆ ಓಡಬೇಕಾಗಬಹುದು.

ಪಂಡಿತರಿಗೆ ಹೇಳಿದ್ದು ಇಷ್ಟು: ಹೆಪಟೈಟಿಸ್‌ನಲ್ಲಿ ಕಣ್ಣು ಹಳದಿಯಾಗುವ ಹೊತ್ತಿಗೆ ಸಾಮಾನ್ಯವಾಗಿ ಜ್ವರ ಬಿಟ್ಟಿರುತ್ತದೆ. ಹಳದಿಯ ಜೊತೆಗೆ ಜ್ವರವೂ ಇದ್ದರೆ, ಕಣ್ಣು ಕೆಂಪಾಗಿದ್ದರೆ, ಮೀನಖಂಡ ಒತ್ತಿದಾಗ ಚೀರುವಷ್ಟು ನೋವಿದ್ದರೆ, ಮೂತ್ರ ಕಡಿಮೆಯಾಗಿದ್ದರೆ ಒಂದು ದಿನವೂ ಕಾಯಬೇಡಿ.

ಅವರು ಸ್ವಲ್ಪ ಹೊತ್ತು ಎಲೆ ಅಡಿಕೆ ಜಗಿದು, “ಹಾಗಾದರೆ ಇನ್ನು ಕಾಲು ಒತ್ತಿ ನೋಡಿಯೇ ಮದ್ದು ಅರೆಯುವುದು, ಡಾಕ್ಟರೇ” ಎಂದರು.

ನಾಟಿಯ ಸಮಯದಲ್ಲಿ ಗದ್ದೆ ಕೆಲಸದವರೊಬ್ಬರನ್ನು ಅವರೇ ರಿಕ್ಷಾ ಹತ್ತಿಸಿ ಕಳಿಸಿದರು. ಕೈಯಲ್ಲಿ ಕ್ಯಾಲೆಂಡರ್ ಹಾಳೆಯ ತುಂಡು: “ಜ್ವರ ಉಂಟು, ಕಾಲು ನೋವು ಉಂಟು, ಮದ್ದು ಕೊಡಲಿಲ್ಲ.” ಅಷ್ಟು ಚೊಕ್ಕವಾದ ರೆಫರಲ್ ಚೀಟಿ ನನಗೆ ದೊಡ್ಡ ಆಸ್ಪತ್ರೆಗಳಿಂದಲೂ ಬಂದಿಲ್ಲ. ಮೂತ್ರಪಿಂಡ ಸೋತಾಗ ರಕ್ತದಲ್ಲಿ ಹೆಚ್ಚಾಗುವ ಕ್ರಿಯಾಟಿನಿನ್ ಆಗಷ್ಟೇ ಏರತೊಡಗಿತ್ತು. ಅಂದೇ ಇಂಜೆಕ್ಷನ್ ಶುರುವಾಯಿತು, ಡಯಾಲಿಸಿಸ್ ಬೇಕಾಗಲಿಲ್ಲ.

ಈಗ ನನ್ನಲ್ಲಿಗೆ ಬಂದ ಹೆಪಟೈಟಿಸ್ ಎ ರೋಗಿಗಳಿಗೆ ನೆಲನೆಲ್ಲಿ ಬೇಡವೆನ್ನುವುದಿಲ್ಲ. ಏನು, ಎಷ್ಟು ಎಂದು ಕೇಳಿ ಬರೆದುಕೊಳ್ಳುತ್ತೇನೆ. ಒಳಗೇನಿದೆಯೆಂದು ಗೊತ್ತಿಲ್ಲದ ಭಸ್ಮದ ಪೊಟ್ಟಣಕ್ಕೆ ಮಾತ್ರ ಒಪ್ಪುವುದಿಲ್ಲ.

ಪಥ್ಯದ ಜಗಳ ಇನ್ನೂ ಮುಗಿದಿಲ್ಲ. ಗಂಜಿಗೆ ಉಪ್ಪು ಹಾಕಲಿ ಎನ್ನುತ್ತೇನೆ ನಾನು. ಅವರು ಒಂದು ಚಿಟಿಕೆ ಇಂದುಪ್ಪಿನವರೆಗೆ ಬಂದಿದ್ದಾರೆ. ಅದೂ ಉಪ್ಪೇ, ಸದ್ಯಕ್ಕೆ ಸಾಕು.